ಬರೆದವನೇ ಒಡೆಯ, ರುಜು ಹಾಕುವವರೆಗೆ

ಗಿರಣಿಯ ಪಾಳಿ, ಸಂಬಳ, ಬೋನಸ್ಸು, ಅಂಗಡಿಯ ಬಾಡಿಗೆ, ತೆರಿಗೆ ಮುಂತಾದ ಪ್ರಶ್ನೆಗಳನ್ನು ಕುರಿತು ಬರೆಯುವ ಪತ್ರಿಕೆಗೆ ಕಂಪ್ಯೂಟರಿನ ಗೊಡವೆ ಏಕೆಂದು ನಮ್ಮ ವಾಚಕರಲ್ಲಿ ಕೆಲವರು ಕೇಳಬಹುದು. ಗೊಡವೆ ಇದೆ. ಗಿರಣಿ ಕೆಲಸಗಾರನ ಮಗನೋ ಮಗಳೋ ಇಂದು ಮನೆಯ ಮೂಲೆಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತು, ಮುಖವನ್ನೇ ಕಾಣದ ಯಾವುದೋ ಕಂಪನಿಗೆ ಪ್ರೋಗ್ರಾಮು ಬರೆದುಕೊಡುತ್ತಿದ್ದಾರೆ. ಪೇಟೆಯ ಕಿರಾಣಿ ವ್ಯಾಪಾರಿ, ಬಟ್ಟೆ ಅಂಗಡಿಯವರು, ಔಷಧಿ ಅಂಗಡಿಯವರು ಬಿಲ್ಲು ಹಾಕುವುದಕ್ಕೆ, ಜಿ.ಎಸ್.ಟಿ. ಲೆಕ್ಕ ಇಡುವುದಕ್ಕೆ ಅಂಥದೇ ಪ್ರೋಗ್ರಾಮುಗಳನ್ನು ದುಡ್ಡು ಕೊಟ್ಟು ಬರೆಸುತ್ತಿದ್ದಾರೆ. ಬರೆದವರಿಗೂ ಬರೆಸಿದವರಿಗೂ ಎದುರಾಗುವ ಪ್ರಶ್ನೆ ಒಂದೇ: ಬರೆದದ್ದು ಯಾರ ಸೊತ್ತು?

ಈ ಪ್ರಶ್ನೆಗೆ ಉತ್ತರ ತಿಳಿಯದಿರುವುದರಿಂದ ಇಬ್ಬರೂ ನಷ್ಟಪಡುತ್ತಿದ್ದಾರೆ. ಉತ್ತರವನ್ನು ಚೆನ್ನಾಗಿ ತಿಳಿದ ಮೂರನೆಯವನೊಬ್ಬನಿದ್ದಾನೆ. ಅವನು ದೊಡ್ಡ ಬಂಡವಾಳದ ಕಂಪನಿ. ಅವನ ಬಳಿ ವಕೀಲರಿದ್ದಾರೆ, ಅಚ್ಚು ಹಾಕಿದ ಕರಾರು ಪತ್ರವಿದೆ. ನಮ್ಮ ಈ ಲೇಖನ ಆ ಕರಾರು ಪತ್ರದ ಮೇಲೆ.

ಮೊದಲು ವಸ್ತು ಯಾವುದೆಂದು ಹೇಳಬೇಕು. ಪ್ರೋಗ್ರಾಮು ಎಂದರೆ ಯಂತ್ರವಲ್ಲ, ಬರಹ. ಮನುಷ್ಯನು ಓದಿ ತಿದ್ದಬಲ್ಲ ಮೂಲಪ್ರತಿಗೆ ಸೋರ್ಸ್ ಕೋಡ್ ಎನ್ನುತ್ತಾರೆ. ಯಂತ್ರ ಮಾತ್ರ ಓದಿ ನಡೆಸಬಲ್ಲ ರೂಪ ಇನ್ನೊಂದು. ಅಂಗಡಿಯಲ್ಲಿ ಬಿಲ್ಲು ಹೊರಡಿಸಲು ಸಾಮಾನ್ಯವಾಗಿ ಎರಡನೆಯದಿದ್ದರೆ ಸಾಕು. ನಾಳೆ ತೆರಿಗೆಯ ದರ ಬದಲಾದಾಗ ತಿದ್ದಬೇಕಾದರೆ ಮೊದಲನೆಯದು ಬೇಕು. ಈ ಭೇದವನ್ನು ವಾಚಕರು ನೆನಪಿಡಬೇಕು. ಇನ್ನೊಂದು ಮಾತು: ಪ್ರೋಗ್ರಾಮು ಬರೆಯುವವನು ಪ್ರತಿಸಲವೂ ಖಾಲಿ ಕೈಯಿಂದ ಆರಂಭಿಸುವುದಿಲ್ಲ. ದಿನಾಂಕದ ಲೆಕ್ಕ, ಬಡ್ಡಿಯ ಲೆಕ್ಕ, ಹೆಸರುಗಳನ್ನು ಅಕ್ಷರ ಕ್ರಮದಲ್ಲಿ ಜೋಡಿಸುವುದು, ಬಿಲ್ಲಿನ ನಮೂನೆ, ಹೀಗೆ ವರ್ಷಗಟ್ಟಲೆ ಬರೆದು ಕೂಡಿಟ್ಟ ತುಣುಕುಗಳು ಅವನ ಬಳಿ ಇರುತ್ತವೆ. ಬಡಗಿಗೆ ಉಳಿ, ಬಾಚಿ ಹೇಗೋ ಇವನಿಗೆ ಇವು ಹಾಗೆ. ಇವನ ಹೊಟ್ಟೆಪಾಡು ಇವುಗಳ ಮೇಲಿದೆ.

ಕಾಯಿದೆ ಏನು ಹೇಳುತ್ತದೆ?

ನಮ್ಮ ದೇಶದ ಕೃತಿಸ್ವಾಮ್ಯ ಕಾಯಿದೆ 1957ರದು. 1984ರ ತಿದ್ದುಪಡಿಯಲ್ಲಿ ಕಂಪ್ಯೂಟರ್ ಪ್ರೋಗ್ರಾಮನ್ನು ಸಾಹಿತ್ಯ ಕೃತಿಗಳ ಸಾಲಿಗೆ ಸೇರಿಸಿದರು. ಅಂದರೆ ಕತೆ ಬರೆದವನಿಗೆ ಕತೆಯ ಮೇಲೆ ಯಾವ ಹಕ್ಕೋ, ಪ್ರೋಗ್ರಾಮು ಬರೆದವನಿಗೆ ಪ್ರೋಗ್ರಾಮಿನ ಮೇಲೆ ಅದೇ ಹಕ್ಕು. ಈ ಹಕ್ಕು ಹುಟ್ಟುವುದಕ್ಕೆ ಯಾವ ಕಚೇರಿಯಲ್ಲೂ ನೋಂದಣಿ ಆಗಬೇಕಿಲ್ಲ. ಬರೆದ ಗಳಿಗೆಯಲ್ಲೇ ಹುಟ್ಟುತ್ತದೆ. ಬರೆದವನ ಜೀವಮಾನವಿಡೀ, ಅವನು ತೀರಿಕೊಂಡ ಮೇಲೆ 60 ವರ್ಷ ಇರುತ್ತದೆ.

ಒಡೆಯ ಯಾರು ಎಂಬುದನ್ನು 17ನೆಯ ಕಲಮು ಹೇಳುತ್ತದೆ. ಬರೆದವನೇ ಮೊದಲ ಒಡೆಯ. ಇದಕ್ಕೆ ಕೆಲವು ಅಪವಾದಗಳಿವೆ. ನಮಗೆ ಸಂಬಂಧಪಟ್ಟದ್ದು ಒಂದೇ. ಒಬ್ಬನು ಸಂಬಳದ ನೌಕರನಾಗಿದ್ದು, ಆ ನೌಕರಿಯ ಕೆಲಸವಾಗಿ ಬರೆದಿದ್ದರೆ, ಬೇರೆ ಒಪ್ಪಂದವಿಲ್ಲದ ಪಕ್ಷದಲ್ಲಿ ಒಡೆಯ ಧಣಿ. ಆದರೆ ಫ್ರೀಲಾನ್ಸ್ ಎಂದು ಕರೆಯಿಸಿಕೊಳ್ಳುವ ಬಿಡಿ ಕೆಲಸಗಾರ ನೌಕರನಲ್ಲ. ಅವನು ಗುತ್ತಿಗೆಗೆ ಒಂದು ಕೆಲಸ ಮಾಡಿಕೊಡುವವನು. ಆದ್ದರಿಂದ ಅವನು ಬರೆದದ್ದು ಅವನದೇ. ದುಡ್ಡು ಕೊಟ್ಟ ಮಾತ್ರಕ್ಕೆ ಒಡೆತನ ಕೈ ಬದಲಾಗುವುದಿಲ್ಲ. ಬದಲಾಗಬೇಕಾದರೆ 19ನೆಯ ಕಲಮಿನ ಪ್ರಕಾರ ಬರಹದಲ್ಲಿ ಪತ್ರವಾಗಬೇಕು, ಬರೆದವನು ಅದಕ್ಕೆ ರುಜು ಹಾಕಬೇಕು. ಯಾವ ಕೃತಿ, ಯಾವ ಯಾವ ಹಕ್ಕು, ಎಷ್ಟು ಕಾಲ, ಯಾವ ಪ್ರದೇಶಕ್ಕೆ, ಎಷ್ಟು ಪ್ರತಿಫಲ ಎಂಬುದೆಲ್ಲ ಪತ್ರದಲ್ಲಿ ಇರಬೇಕು.

ಬರೆದವನೇ ಒಡೆಯನೆಂದು ಹೇಳುವಷ್ಟರ ಮಟ್ಟಿಗೆ ಕಾಯಿದೆ ದುಡಿದವನ ಪಕ್ಷದಲ್ಲಿದೆ. ಹಾಗಾದರೆ ಜಗಳವೆಲ್ಲಿ?

ಎರಡು ನಾಲಿಗೆ

ಜಗಳ ಇಲ್ಲಿದೆ. ಬಿಡಿ ಕೆಲಸಗಾರನು ಭವಿಷ್ಯನಿಧಿ ಕೇಳಿದರೆ ಕಂಪನಿ ಏನು ಹೇಳುತ್ತದೆ? ನೀನು ನಮ್ಮ ನೌಕರನಲ್ಲ ಎನ್ನುತ್ತದೆ. ಇ.ಎಸ್.ಐ. ಕೇಳಿದರೆ, ರಜೆ ಕೇಳಿದರೆ, ಕೆಲಸ ನಿಂತಾಗ ಪರಿಹಾರ ಕೇಳಿದರೆ ಅದೇ ಉತ್ತರ. ಅವನ ಕಂಪ್ಯೂಟರು ಅವನದು, ವಿದ್ಯುತ್ ಬಿಲ್ಲು ಅವನದು, ಕಾಯಿಲೆ ಬಿದ್ದ ದಿನದ ನಷ್ಟವೂ ಅವನದೇ. ಆದರೆ ಕೆಲಸ ಮುಗಿದು ಒಡೆತನದ ಪ್ರಶ್ನೆ ಬಂದ ದಿನ ಅದೇ ಕಂಪನಿ ಬೇರೆ ನಾಲಿಗೆಯಲ್ಲಿ ಮಾತಾಡುತ್ತದೆ: ನೀನು ನಮಗಾಗಿ ಬರೆದೆ, ಬರೆದದ್ದೆಲ್ಲ ನಮ್ಮದು. ಕೊಡುವಾಗ ಹೊರಗಿನವನು, ಕಸಿಯುವಾಗ ಮನೆಯಾಳು! ಗಿರಣಿಯಲ್ಲಿ ವರ್ಷಗಟ್ಟಲೆ ಬದಲಿ ಆಳಾಗಿ ದುಡಿದವರಿಗೆ ಈ ವಿದ್ಯೆಯ ಪರಿಚಯ ಹೊಸದಲ್ಲ.

ಈ ಎರಡು ನಾಲಿಗೆಯನ್ನು ಬಂಡವಾಳಶಾಹಿಯ ತವರಾದ ಅಮೆರಿಕದ ನ್ಯಾಯಾಲಯಗಳೇ ಒಪ್ಪಲಿಲ್ಲ. 1989ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನ ಮುಂದೆ ಒಬ್ಬ ಶಿಲ್ಪಿಯ ವ್ಯಾಜ್ಯ ಬಂತು. ಮನೆಯಿಲ್ಲದ ಬಡವರಿಗಾಗಿ ಹೋರಾಡುತ್ತಿದ್ದ ಒಂದು ಸಂಸ್ಥೆ ಅವನಿಂದ ವಿಗ್ರಹ ಮಾಡಿಸಿತ್ತು. ನ್ಯಾಯಾಲಯ ಕೇಳಿದ ಪ್ರಶ್ನೆಗಳು ನಮ್ಮ ಯಾವ ಕಾರ್ಮಿಕ ಮುಖಂಡನೂ ಕೇಳಬಹುದಾದವು. ಉಪಕರಣ ಯಾರವು? ಕೆಲಸದ ಜಾಗ ಯಾರದು? ಸಾಮಾಜಿಕ ಭದ್ರತೆಯ ವಂತಿಗೆ ಕಟ್ಟಿದರೇ? ನೌಕರನಿಗೆ ಕೊಡುವ ಸೌಲಭ್ಯ ಕೊಟ್ಟರೇ? ಇವೊಂದೂ ಇಲ್ಲದ ಮೇಲೆ ಅವನು ನೌಕರನಲ್ಲವೆಂದು ನ್ಯಾಯಮೂರ್ತಿ ಥರ್ಗುಡ್ ಮಾರ್ಷಲ್ ತೀರ್ಪು ಬರೆದರು. ಸಂಸ್ಥೆಯ ಉದ್ದೇಶ ಒಳ್ಳೆಯದೇ ಆಗಿತ್ತು. ಆದರೂ ದುಡಿದವನ ಹಕ್ಕು ಅದರಿಂದ ಕರಗಲಿಲ್ಲ.

ಮೂರು ವರ್ಷದ ನಂತರ, 1992ರಲ್ಲಿ, ನ್ಯೂಯಾರ್ಕಿನ ಮೇಲ್ಮನವಿ ನ್ಯಾಯಾಲಯ ಇದೇ ಅಳತೆಗೋಲನ್ನು ಒಬ್ಬ ಪ್ರೋಗ್ರಾಮು ಬರೆಯುವವನಿಗೆ ಹಿಡಿಯಿತು. ಈಜುಕೊಳದ ಸಾಮಾನು ಮಾರುವ ಅಂಗಡಿಗಳ ಒಂದು ಕಂಪನಿಗೆ ಅವನು ದಾಸ್ತಾನು, ನಗದು, ಮಾರಾಟದ ಲೆಕ್ಕ ಇಡುವ ಪ್ರೋಗ್ರಾಮುಗಳನ್ನು ಬರೆದುಕೊಟ್ಟಿದ್ದ. ಒಡೆತನದ ಬಗ್ಗೆ ಬರಹದ ಒಪ್ಪಂದವಿರಲಿಲ್ಲ. ಕಂಪನಿ ಅವನಿಗೆ ನೌಕರನ ಸೌಲಭ್ಯ ಕೊಟ್ಟಿರಲಿಲ್ಲ, ಸಂಬಳದಿಂದ ತೆರಿಗೆ ಹಿಡಿದಿರಲಿಲ್ಲ. ತೆರಿಗೆ ಮತ್ತು ಸೌಲಭ್ಯದ ಪ್ರಶ್ನೆ ಬಂದಾಗ ಹೊರಗಿನವನೆಂದು ಲಾಭ ಪಡೆದ ಕಂಪನಿ, ಕೃತಿಸ್ವಾಮ್ಯದ ಪ್ರಶ್ನೆ ಬಂದಾಗ ಅವನನ್ನು ನೌಕರನೆನ್ನುವುದು ಸಲ್ಲದೆಂದು ನ್ಯಾಯಾಲಯ ಕಂಡಿತು. ಕೃತಿಸ್ವಾಮ್ಯ ಬರೆದವನಲ್ಲೇ ಉಳಿಯಿತು.

ಕಾಗದದ ಕೊಳಗ

ನ್ಯಾಯಾಲಯದಲ್ಲಿ ಸೋತ ಬಂಡವಾಳ ಸುಮ್ಮನೆ ಕೂರಲಿಲ್ಲ. ಕಾಯಿದೆ ಬರೆದವನ ಪಕ್ಷದಲ್ಲಿದ್ದರೆ ಬರೆದವನಿಂದಲೇ ಬಿಟ್ಟುಕೊಡಿಸುವುದು ಅದರ ಉಪಾಯ. ಇಂದು ಬಿಡಿ ಕೆಲಸಗಾರನ ಮುಂದೆ ಬರುವ ಅಚ್ಚಿನ ಕರಾರು ಪತ್ರವನ್ನು ಕಾಯಿದೆಯ ಪಕ್ಕದಲ್ಲಿಟ್ಟು ಓದಿ ನೋಡಿ. ಅವಧಿ ಬರೆಯದಿದ್ದರೆ ಹಕ್ಕು ಐದೇ ವರ್ಷಕ್ಕೆ ಹೋಗುತ್ತದೆಂದು ಕಾಯಿದೆ ಹೇಳುತ್ತದೆ. ಆದ್ದರಿಂದ ಪತ್ರ ‘ಶಾಶ್ವತವಾಗಿ’ ಎಂದು ಬರೆಯುತ್ತದೆ. ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರವೆಂದು ಕಾಯಿದೆ ಹೇಳುತ್ತದೆ. ಆದ್ದರಿಂದ ಪತ್ರ ‘ಜಗತ್ತಿನಾದ್ಯಂತ’ ಎಂದು ಬರೆಯುತ್ತದೆ. ಹಕ್ಕು ಪಡೆದವನು ಒಂದು ವರ್ಷದೊಳಗೆ ಅದನ್ನು ಬಳಸದಿದ್ದರೆ ಹಕ್ಕು ಬಿದ್ದುಹೋಗುತ್ತದೆ, ಬೇರೆ ರೀತಿ ಬರೆದುಕೊಂಡಿದ್ದರೆ ಮಾತ್ರ ಉಳಿಯುತ್ತದೆ ಎಂದು 19ನೆಯ ಕಲಮಿನ ನಾಲ್ಕನೆಯ ಉಪಕಲಮು ಹೇಳುತ್ತದೆ. ಆದ್ದರಿಂದ ಆ ಉಪಕಲಮು ಅನ್ವಯಿಸದೆಂದು ಪತ್ರದಲ್ಲಿ ಒಂದು ಸಾಲು ಸೇರಿರುತ್ತದೆ. ದುಡಿದವನ ರಕ್ಷಣೆಗೆಂದು ಕಾಯಿದೆ ಎಷ್ಟು ಬೇಲಿ ಹಾಕಿದೆಯೋ, ಅಷ್ಟು ಬೇಲಿ ಕಿತ್ತುಹಾಕುವ ಸಾಲುಗಳು ಪತ್ರದಲ್ಲಿವೆ.

ಇಷ್ಟಕ್ಕೇ ತೃಪ್ತಿಯಿಲ್ಲ. ಈ ಕೆಲಸಕ್ಕೆ ಬಳಸಿದ ಹಳೆಯ ತುಣುಕುಗಳ ಮೇಲೂ ಹಕ್ಕು, ಕರಾರಿನ ಕಾಲದಲ್ಲಿ ಹೊಳೆದದ್ದರ ಮೇಲೂ ಹಕ್ಕು ಎಂದು ಬರೆದ ಪತ್ರಗಳಿವೆ. ಬಡಗಿಯಿಂದ ಬಾಗಿಲು ಮಾಡಿಸಿದವನು ಬಾಗಿಲಿನ ಜೊತೆಗೆ ಉಳಿ, ಬಾಚಿಯನ್ನೂ ಹೊತ್ತುಕೊಂಡು ಹೋದ ಹಾಗಾಯಿತು. ಮಲಯಾಳದ ವ್ಯಂಗ್ಯಚಿತ್ರಕಾರ ಟಾಮ್ಸ್ ಅವರ ಬೋಬನ್ ಮತ್ತು ಮೋಳಿ ಎಂಬ ಮಕ್ಕಳ ಪಾತ್ರಗಳ ಮೇಲೆ ಅವರು ದುಡಿದ ದೊಡ್ಡ ಪತ್ರಿಕೆಯೊಂದು ಇಂಥದೇ ಹಕ್ಕು ಸಾಧಿಸಹೊರಟಿತು. ಆ ಪಾತ್ರಗಳು ಅವರು ಕೆಲಸಕ್ಕೆ ಸೇರುವ ಮೊದಲೇ ಹುಟ್ಟಿದ್ದವು. ಕೆಲಸ ಬಿಟ್ಟ ಮೇಲೆ ಅವರು ಅವನ್ನು ಬರೆಯುವುದನ್ನು ಪತ್ರಿಕೆ ತಡೆಯಲಾಗದೆಂದು 1980ರ ದಶಕದಲ್ಲಿ ಕೇರಳದ ಹೈಕೋರ್ಟು ಹೇಳಿತು. ತಂದ ಉಪಕರಣ ತಂದವನದೇ ಎಂಬ ನ್ಯಾಯ ನಮ್ಮ ದೇಶಕ್ಕೆ ಹೊಸದೇನಲ್ಲ.

ಸಾಗರ ತಾಲ್ಲೂಕಿನ ಕಾಗೋಡನ್ನು ನಮ್ಮ ಚಳವಳಿಯ ಜನ ಮರೆಯಬಾರದು. 1951ರ ಆ ಹೋರಾಟ ಹೊತ್ತಿಕೊಂಡದ್ದು ಗೇಣಿಯ ಭತ್ತ ಅಳೆಯುವ ಕೊಳಗದ ಮೇಲೆ. ಗೇಣಿ ಇಷ್ಟು ಕೊಳಗವೆಂದು ಮಾತಾಗಿರುತ್ತಿತ್ತು. ಆದರೆ ಒಡೆಯರ ಕೊಳಗವೇ ದೊಡ್ಡದು! ಮುಂದೆ ಭೂಸುಧಾರಣೆಯ ಕಾಯಿದೆಗಳು ಬಂದಾಗ ಜಮೀನುದಾರರು ಇನ್ನೊಂದು ದಾರಿ ಕಂಡುಕೊಂಡರು. ‘ಸ್ವಖುಷಿಯಿಂದ ಬಿಟ್ಟುಕೊಟ್ಟಿದ್ದೇನೆ’ ಎಂದು ಗೇಣಿದಾರನಿಂದಲೇ ಬರೆಸಿಕೊಂಡರು. ಕಾಯಿದೆಯನ್ನು ಕಾಯಿದೆಯ ಕೈಯಿಂದಲೇ ಕೊಲ್ಲಿಸುವ ಉಪಾಯವದು. ಇಂದಿನ ಕರಾರು ಪತ್ರದಲ್ಲಿ ಆ ದೊಡ್ಡ ಕೊಳಗವೂ ಇದೆ, ಆ ಸ್ವಖುಷಿಯೂ ಇದೆ.

ಅವನೇ ಒಪ್ಪಿ ರುಜು ಹಾಕಿದನಲ್ಲ ಎಂದು ಕಂಪನಿಯ ವಕೀಲರು ಕೇಳುತ್ತಾರೆ. ಹೌದು, ಹಾಕಿದ. ರುಜು ಹಾಕದಿದ್ದರೆ ಕೆಲಸ ಇನ್ನೊಬ್ಬನಿಗೆ ಹೋಗುತ್ತದೆಂದು ತಿಳಿದು ಹಾಕಿದ. ಮನೆಯ ಬಾಡಿಗೆ ಕಟ್ಟಬೇಕಾದವನು ಹಾಕಿದ ರುಜುವನ್ನು ಸ್ವಾತಂತ್ರ್ಯವೆಂದು ಕರೆಯುವುದಾದರೆ, ಹನ್ನೆರಡು ಗಂಟೆ ದುಡಿಯಲು ಒಪ್ಪಿದ ಹಳೆಯ ಗಿರಣಿ ಆಳೂ ಸ್ವತಂತ್ರನೇ ಆಗಿದ್ದ. ಆ ಸ್ವಾತಂತ್ರ್ಯವನ್ನು ನಂಬದೆ ದುಡಿಮೆಯ ವೇಳೆಗೆ ಕಾಯಿದೆ ಮಿತಿ ಹಾಕಿತು.

ಅಂಗಡಿಯವನ ಪಾಲು

ಇನ್ನು ನಮ್ಮ ವರ್ತಕ ಬಂಧುಗಳ ಮಾತು. ‘ಬೆವರಿನ ದುಡ್ಡು ಕೊಟ್ಟು ಬರೆಸಿದ್ದೇವೆ, ನಮ್ಮದಲ್ಲವೆಂದರೆ ಹೇಗೆ?’ ಎಂದು ಅವರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದು, ಅದಕ್ಕೆ ನೇರ ಉತ್ತರ ಕೊಡಬೇಕು. ಒಬ್ಬ ಕಿರಾಣಿ ವ್ಯಾಪಾರಿ ದುಡ್ಡು ಕೊಟ್ಟು ಬಿಲ್ಲಿನ ಪ್ರೋಗ್ರಾಮು ಬರೆಸಿದನೆಂದು ಇಟ್ಟುಕೊಳ್ಳಿ. ಪತ್ರವೇನೂ ಇಲ್ಲ, ಬಾಯಿ ಮಾತು. ಎರಡು ವರ್ಷದ ಮೇಲೆ ಬರೆದವನು ಬೆಂಗಳೂರಿಗೆ ಹೋಗುತ್ತಾನೆ, ಫೋನು ಎತ್ತುವುದಿಲ್ಲ. ತೆರಿಗೆಯ ದರ ಬದಲಾಗುತ್ತದೆ. ಮೂಲಪ್ರತಿ ಅಂಗಡಿಯಲ್ಲಿಲ್ಲ. ತಿದ್ದುವುದಕ್ಕೆ ಇನ್ನೊಬ್ಬನನ್ನು ಕರೆದರೆ ಅವನು ಎಲ್ಲವನ್ನೂ ಹೊಸದಾಗಿ ಬರೆಯಬೇಕೆನ್ನುತ್ತಾನೆ. ಇದಕ್ಕಿಂತ ಕೆಟ್ಟದ್ದೂ ಉಂಟು. ಬೇಕೆಂದೇ ಪ್ರೋಗ್ರಾಮಿನೊಳಗೆ ಬೀಗವಿಟ್ಟು, ಮತ್ತೆ ದುಡ್ಡು ಕೊಡುವ ತನಕ ಅಂಗಡಿಯ ಲೆಕ್ಕವನ್ನೇ ಹಿಡಿದಿಡುವವರಿದ್ದಾರೆ. ಇದನ್ನು ನಾವು ಖಂಡಿಸುತ್ತೇವೆ. ದುಡಿಯುವವನು ಮಾಡಿದರೂ ಸುಲಿಗೆ ಸುಲಿಗೆಯೇ. ಅಂಗಡಿಯ ಲೆಕ್ಕ ಅಂಗಡಿಯವನದು, ಗಿರಾಕಿಗಳ ಹೆಸರಿನ ಪಟ್ಟಿ ಅಂಗಡಿಯವನದು. ಅದರ ಮೇಲೆ ಪ್ರೋಗ್ರಾಮು ಬರೆದವನಿಗೆ ಹಕ್ಕಿಲ್ಲ.

ಆದರೆ ವರ್ತಕನಿಗೆ ನಿಜವಾಗಿ ಬೇಕಾದದ್ದೇನು? ಆ ಬರಹವನ್ನು ಜಗತ್ತಿನಾದ್ಯಂತ ಶಾಶ್ವತವಾಗಿ ಮಾರುವ ಹಕ್ಕೇ? ಅಲ್ಲ. ತನ್ನ ಅಂಗಡಿ ನಿಲ್ಲದೆ ನಡೆಯಬೇಕು, ಕೆಟ್ಟರೆ ಯಾರಿಂದಲಾದರೂ ರಿಪೇರಿ ಮಾಡಿಸಲು ಸಾಧ್ಯವಾಗಬೇಕು, ಕೊಟ್ಟ ದುಡ್ಡಿಗೆ ಮತ್ತೆ ಮತ್ತೆ ಕಪ್ಪ ಕಟ್ಟುವಂತಾಗಬಾರದು. ಇದು ಬಳಸುವ ಹಕ್ಕು. ಬಳಸುವ ಹಕ್ಕು ಬೇರೆ, ಒಡೆತನ ಬೇರೆ. ಕಾಯಿದೆಯ 52ನೆಯ ಕಲಮು ಈ ಭೇದವನ್ನು ಗುರುತಿಸಿದೆ. ಪ್ರೋಗ್ರಾಮಿನ ಪ್ರತಿಯನ್ನು ನ್ಯಾಯವಾಗಿ ಹೊಂದಿರುವವನು, ಅದನ್ನು ಯಾವ ಕೆಲಸಕ್ಕೆಂದು ಪಡೆದನೋ ಆ ಕೆಲಸಕ್ಕಾಗಿ ಪ್ರತಿ ಮಾಡಿಕೊಳ್ಳಬಹುದು, ಮಾರ್ಪಾಡು ಮಾಡಿಕೊಳ್ಳಬಹುದು, ಕಳೆದುಹೋಗದಂತೆ ಇನ್ನೊಂದು ಪ್ರತಿ ಇಟ್ಟುಕೊಳ್ಳಬಹುದು. ಈಜುಕೊಳದ ಸಾಮಾನಿನ ಆ ಕಂಪನಿಯ ವ್ಯಾಜ್ಯವೂ 1995ರಲ್ಲಿ ಹೀಗೆಯೇ ಕೊನೆಗೊಂಡಿತು. ಒಡೆತನ ಬರೆದವನದು, ಆದರೆ ದುಡ್ಡು ಕೊಟ್ಟು ಪಡೆದ ಪ್ರತಿಯನ್ನು ತನ್ನ ಉಪಯೋಗಕ್ಕೆ ತಿದ್ದಿಕೊಳ್ಳುವ ಅಧಿಕಾರ ಕಂಪನಿಗಿದೆ ಎಂದು ಅದೇ ನ್ಯಾಯಾಲಯ ಹೇಳಿತು. 2005ರಲ್ಲಿ ಇನ್ನೊಂದು ವ್ಯಾಜ್ಯದಲ್ಲೂ ಅದೇ ಮಾತು ಗಟ್ಟಿಯಾಯಿತು.

ಆದರೆ ನಮ್ಮ ಕಾಯಿದೆಯಲ್ಲೊಂದು ಕೊರತೆಯಿದೆ. ತಿದ್ದಿಕೊಳ್ಳುವ ಹಕ್ಕು ಕೊಟ್ಟಿದೆ, ತಿದ್ದುವುದಕ್ಕೆ ಬೇಕಾದ ಮೂಲಪ್ರತಿಯನ್ನು ಕೊಡಲೇಬೇಕೆಂದು ಹೇಳಿಲ್ಲ. ಬಾವಿಯ ನೀರು ನಿನ್ನದು, ಹಗ್ಗ ಮಾತ್ರ ಇಲ್ಲ ಎಂದಂತಾಯಿತು.

ಬರೆದವನಿಗೆ ಒಡೆತನ ಬಿಟ್ಟರೆ ನಾಳೆ ಎದುರಂಗಡಿಗೆ ಅದನ್ನೇ ಮಾರುತ್ತಾನೆಂದು ಕೆಲವರ ಭಯ. ಮಾರಲಿ. ಎದುರಂಗಡಿಯಲ್ಲಿಯೂ ಬಿಲ್ಲು ಬೇಗ ಆದರೆ ನಿಮ್ಮ ಬಿಲ್ಲು ನಿಧಾನವಾಗುವುದಿಲ್ಲ. ಧಾನ್ಯ ಕೊಟ್ಟರೆ ನಿಮ್ಮ ಚೀಲ ಬರಿದಾಗುತ್ತದೆ, ಬರಹಕ್ಕೆ ಆ ಗುಣವಿಲ್ಲ. ನಿಮ್ಮ ವ್ಯಾಪಾರದ ಗುಟ್ಟನ್ನು, ನಿಮ್ಮ ದರಪಟ್ಟಿಯನ್ನು ಹೊರಗೆ ಬಿಡಕೂಡದೆಂದು ಬೇರೆ ಸಾಲು ಬರೆಸಿಕೊಳ್ಳಿ. ಅದು ನ್ಯಾಯ. ಅಷ್ಟಕ್ಕಾಗಿ ಅವನ ಉಪಕರಣ ಕಿತ್ತುಕೊಳ್ಳಬೇಕಾಗಿಲ್ಲ. ಅವನು ಹಳೆಯ ತುಣುಕುಗಳನ್ನು ಮತ್ತೆ ಬಳಸುವುದರಿಂದಲೇ ನಿಮ್ಮ ಕೆಲಸ ಕಡಿಮೆ ದರಕ್ಕೆ ಆಗುತ್ತದೆಂಬುದನ್ನೂ ಮರೆಯಬೇಡಿ.

ಆಸ್ತಿಯ ಹಕ್ಕನ್ನು ವಿರೋಧಿಸುವ ಸಮಾಜವಾದಿಗಳು ಪ್ರೋಗ್ರಾಮಿನ ಆಸ್ತಿಯನ್ನು ಸಮರ್ಥಿಸುವುದೇ ಎಂದು ನಮ್ಮ ಸಂಗಾತಿಗಳಲ್ಲೇ ಕೆಲವರು ಕೇಳಿಯಾರು. ಇತರರ ದುಡಿಮೆಯ ಮೇಲೆ ಬಾಡಿಗೆ ಎತ್ತುವ ಆಸ್ತಿಯನ್ನು ನಾವು ವಿರೋಧಿಸುತ್ತೇವೆ. ದುಡಿಯುವವನ ಕೈಯ ಉಪಕರಣವನ್ನು ಎಂದೂ ವಿರೋಧಿಸಿಲ್ಲ. ಬರಹವನ್ನು ಎಲ್ಲರೊಡನೆ ಹಂಚಿಕೊಳ್ಳುವ ದಾರಿ ಇನ್ನೂ ಮೇಲಾದದ್ದು. ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಸಾರಿ, 1989ರಲ್ಲಿ ಜಿ.ಪಿ.ಎಲ್. ಎಂಬ ಪರವಾನಗಿ ಪತ್ರದ ಮೂಲಕ ಗಟ್ಟಿಮಾಡಿದ ದಾರಿಯದು: ಯಾರೂ ಬಳಸಬಹುದು, ತಿದ್ದಬಹುದು, ಹಂಚಬಹುದು. ತಿದ್ದಿ ಹಂಚಿದವನು ಮೂಲಪ್ರತಿಯನ್ನೂ ಅದೇ ಷರತ್ತಿನ ಮೇಲೆ ಕೊಡಬೇಕು. ಆದರೆ ಹೀಗೆ ಹಂಚುವುದಕ್ಕೂ ಹಕ್ಕು ಮೊದಲು ಬರೆದವನ ಕೈಯಲ್ಲಿರಬೇಕು. ಎಲ್ಲವನ್ನೂ ರುಜು ಹಾಕಿ ಕಂಪನಿಗೆ ಕೊಟ್ಟವನು ಯಾರೊಡನೆ ಏನು ಹಂಚಿಯಾನು?

ನಮ್ಮ ಬೇಡಿಕೆ

ರುಜುವಿನಿಂದಲೂ ಬಿಟ್ಟುಕೊಡಲಾಗದ ಹಕ್ಕು ಇರಲು ಸಾಧ್ಯವೇ? ಸಾಧ್ಯವೆಂದು ಪಾರ್ಲಿಮೆಂಟು ಈಗಾಗಲೇ ಒಪ್ಪಿದೆ. ಸಿನಿಮಾ ಹಾಡು ಬರೆದವರು, ರಾಗ ಹಾಕಿದವರು ನಿರ್ಮಾಪಕನ ಮುಂದೆ ಹಕ್ಕಿಲ್ಲದೆ ನಿಲ್ಲುವಂತೆ 1977ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂದಿತ್ತು. 2012ರಲ್ಲಿ ಕಾಯಿದೆಯನ್ನು ತಿದ್ದಿದರು. ಹಾಡು ಚಿತ್ರಮಂದಿರದ ಹೊರಗೆ ಬಳಕೆಯಾದಾಗ ಬರುವ ರಾಯಧನದಲ್ಲಿ ಸಮಪಾಲು ಪಡೆಯುವ ಹಕ್ಕನ್ನು ಅವರು ನಿರ್ಮಾಪಕನಿಗೆ ಬಿಟ್ಟುಕೊಡುವಂತಿಲ್ಲ. ಕವಿ ಜಾವೇದ್ ಅಖ್ತರ್ ರಾಜ್ಯಸಭೆಯಲ್ಲಿ ಇದಕ್ಕಾಗಿ ಮಾತನಾಡಿದರು. ಬಡತನದಲ್ಲಿ ಹಾಕಿದ ರುಜು ಪೂರ್ಣ ಒಪ್ಪಿಗೆಯಲ್ಲವೆಂದು ಹಾಡಿನ ವಿಷಯದಲ್ಲಿ ಕಂಡ ಸತ್ಯ ಪ್ರೋಗ್ರಾಮಿನ ವಿಷಯದಲ್ಲಿ ಸುಳ್ಳಾಗುವುದೇಕೆ?

ನಾವು ಕೇಳುವುದು ನಾಲ್ಕು. ಒಂದು, ಕೆಲಸಕ್ಕೆ ಮೊದಲೇ ಇದ್ದ ಉಪಕರಣದ ತುಣುಕುಗಳು ಬರೆದವನಲ್ಲೇ ಉಳಿಯಬೇಕು. ಅವನ್ನು ಕಸಿಯುವ ಸಾಲು ಪತ್ರದಲ್ಲಿದ್ದರೂ ನಡೆಯಬಾರದು. ಎರಡು, ಒಡೆತನ ಕೊಡುವ ಪತ್ರವಿದ್ದರೂ ಪೂರ್ಣ ಹಣ ಕೈಗೆ ಬರುವ ತನಕ ಒಡೆತನ ಕೈ ಬದಲಾಗಬಾರದು. ಮೂರು, ದುಡ್ಡು ಕೊಟ್ಟು ಬರೆಸಿದ ಸಣ್ಣ ವರ್ತಕನಿಗೆ ತನ್ನ ಬಳಕೆಗಾಗಿ, ರಿಪೇರಿಗಾಗಿ ಮೂಲಪ್ರತಿ ಸಿಗಲೇಬೇಕು. ನಾಲ್ಕು, ನೌಕರನಿಗೆ ಕೊಡುವ ಯಾವ ರಕ್ಷಣೆಯನ್ನೂ ಕೊಡದವನು ನೌಕರನ ಬರಹದಂತೆ ಒಡೆತನ ಕೇಳಕೂಡದು.

ಕಾಯಿದೆ ಬದಲಾಗುವ ತನಕ ಕೈಕಟ್ಟಿ ಕೂರಬೇಕಿಲ್ಲ. ಒಂದು ಪುಟದ ಕನ್ನಡ ಪತ್ರ ಸಾಕು. ಏನು ಬರೆಯುವುದು, ಎಷ್ಟು ಹಣ, ಯಾವಾಗ. ಉಪಕರಣ ಬರೆದವನದು, ಬಳಸುವ ಮತ್ತು ತಿದ್ದಿಸುವ ಹಕ್ಕು ಬರೆಸಿದವನದು, ಹಣ ತೀರಿದ ದಿನ ಮೂಲಪ್ರತಿ ಅಂಗಡಿಗೆ. ಇಷ್ಟು ಬರೆದು ಇಬ್ಬರೂ ರುಜು ಹಾಕಲಿ. ಹಣ ಎಳೆದಾಡುವ ದೊಡ್ಡ ಕಂಪನಿಗಳಿಗೆ 2006ರ ಸಣ್ಣ ಉದ್ಯಮಗಳ ಕಾಯಿದೆಯಿದೆ. ಬಿಡಿ ಕೆಲಸಗಾರನು ಉದ್ಯಮ್ ನೋಂದಣಿ ಮಾಡಿಸಿಕೊಳ್ಳಲಿ, ಅದಕ್ಕೆ ಶುಲ್ಕವಿಲ್ಲ. ಆಮೇಲೆ ಒಪ್ಪಂದದಲ್ಲಿ ಏನೇ ಬರೆದಿರಲಿ, ಕೊಂಡವನು 45 ದಿನದೊಳಗೆ ಹಣ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರುಪಟ್ಟು ಚಕ್ರಬಡ್ಡಿ ಬೀಳುತ್ತದೆ.

ಎಲ್ಲಕ್ಕಿಂತ ದೊಡ್ಡ ಮಾತು ಸಂಘಟನೆ. ಮನೆಯ ಮೂಲೆಯಲ್ಲಿ ಒಬ್ಬೊಬ್ಬನೇ ಕುಳಿತು ರುಜು ಹಾಕುವವರು ಒಂದೆಡೆ ಸೇರಿ, ‘ಈ ಸಾಲಿಗೆ ನಾವ್ಯಾರೂ ರುಜು ಹಾಕುವುದಿಲ್ಲ’ ಎಂದು ಹೇಳಬೇಕು. ಗಿರಣಿಯಲ್ಲಿ ಸಂಘ ಕಟ್ಟಿದ ತಂದೆ ತಾಯಂದಿರು ಈ ಪಾಠವನ್ನು ಮಕ್ಕಳಿಗೆ ಹೇಳಿಕೊಡಲಿ. ಪೇಟೆಯ ವರ್ತಕರು ಅವರ ಜೊತೆಗೆ ನಿಲ್ಲಲಿ. ಕೊಳಗ ಸರಿಯಾಗಿರಬೇಕೆಂದು ಕಾಗೋಡಿನ ರೈತ ಕೇಳಿದ. ಉಳುವವನೇ ಹೊಲದೊಡೆಯ ಎಂಬ ಕೂಗು 1974ರಲ್ಲಿ ಈ ನಾಡಿನ ಕಾಯಿದೆಯಾಯಿತು. ಬರೆದವನೇ ಒಡೆಯ ಎಂಬುದು ಕಾಯಿದೆಯಲ್ಲಿ ಆಗಲೇ ಇದೆ. ಒಂದು ರುಜುವಿಗೆ ಅದನ್ನು ಕಳೆದುಕೊಳ್ಳದಂತೆ ಕಾಯುವ ಕೆಲಸ ನಮ್ಮದು.